ಹಳೆಯ ಗಣಕಯಂತ್ರಕ್ಕೆ ಹೊಸ ಕಸುವು

ಒರಳು, ಬೀಸುಕಲ್ಲುಗಳಂತೆ ತಲೆಮಾರಿನಿಂದ ತಲೆಮಾರಿಗೆ ಉಳಿದುಬರುವ ವಸ್ತು ಗಣಕಯಂತ್ರವಲ್ಲ. ಕೊಂಡ ಐದಾರು ವರ್ಷಗಳಲ್ಲಿಯೇ ಅದು ಹಳೆಯದೆನಿಸಿಕೊಳ್ಳುತ್ತದೆ. ಲೆಕ್ಕಪತ್ರ, ಬರವಣಿಗೆಗಳಿಗೆ ಅದು ಇನ್ನೂ ಸಮರ್ಥವಾಗಿಯೇ ಇರುತ್ತದೆ; ಆದರೆ ಮನೆಯ ಮಕ್ಕಳು ಆಟವೊಂದನ್ನು ತೆರೆದೊಡನೆ ಅದರ ಮುಪ್ಪು ಬಯಲಿಗೆ ಬರುತ್ತದೆ. ಚಿತ್ರ ತಡೆತಡೆದು ಚಲಿಸುತ್ತದೆ, ಒಳಗಿನ ಫ್ಯಾನು ಬೀಸುಕಲ್ಲಿನಂತೆ ಸದ್ದು ಮಾಡುತ್ತದೆ. ಆಗ ಮನೆಯಲ್ಲಿ ಕೇಳಿಬರುವ ಮಾತು ಒಂದೇ: "ಇದನ್ನು ತೆಗೆದುಹಾಕಿ ಹೊಸದನ್ನು ತರೋಣ."

ಈ ಮಾತಿಗೆ ಒಡನೆಯೇ ತಲೆದೂಗಬೇಕಾಗಿಲ್ಲ; ಮಕ್ಕಳ ಆಟವೆಂದು ಕಿವುಡಾಗಬೇಕಾಗಿಯೂ ಇಲ್ಲ. ಯಂತ್ರದಲ್ಲಿ ಯಾವ ಭಾಗ ಸೋತಿದೆಯೆಂಬುದನ್ನು ಅಳೆದು ತಿಳಿದು, ಅಷ್ಟನ್ನೇ ಬದಲಿಸಿದರೆ ಅಲ್ಪ ವೆಚ್ಚದಲ್ಲಿ ಅದು ಇನ್ನೂ ಕೆಲವು ವರ್ಷ ಬಾಳುವುದುಂಟು. ಅಳೆಯದೆ ಕೊಂಡರೆ ಹಣ ಹೋಗುವುದು, ಕೊರತೆ ಮಾತ್ರ ಹಾಗೆಯೇ ಉಳಿಯುವುದು.

ನಮ್ಮ ಮನೆಯಲ್ಲಿ ನಡೆದದ್ದನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಕಚೇರಿಗಳಲ್ಲಿ ದುಡಿದು ಹೊರಬಂದ ಡೆಲ್ ಕಂಪೆನಿಯ ಆಪ್ಟಿಪ್ಲೆಕ್ಸ್ 9020 ಎಂಬ ಯಂತ್ರವೊಂದನ್ನು 2018ರಲ್ಲಿ ಬರವಣಿಗೆಗಾಗಿ ಕೊಂಡುಕೊಂಡೆ. ಈ ಮಾದರಿ 2013ರದು. ನಮ್ಮದರಲ್ಲಿ ಇಂಟೆಲ್ ಕೋರ್ ಐ5-4590 ಪ್ರೊಸೆಸರ್, 8 ಜಿಬಿಯ ಒಂದೇ ರ್‍ಯಾಮ್ ಪಟ್ಟಿ, ತಿರುಗುವ ಹಾರ್ಡ್ ಡಿಸ್ಕ್ ಇದ್ದವು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಮೊಮ್ಮಗನಿಗೆ ಪ್ರಿಯವಾದದ್ದು ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಆಟ. ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ ಸಂಸ್ಥೆ 2012ರಲ್ಲಿ ಹೊರತಂದ ಈ ಆಟದಲ್ಲಿ ಹೊಡೆದಾಟವಿಲ್ಲ. ಯೂರೋಪಿನ ಹೆದ್ದಾರಿಗಳಲ್ಲಿ ಸರಕು ತುಂಬಿದ ಲಾರಿಯನ್ನು ಊರಿಂದೂರಿಗೆ ಮುಟ್ಟಿಸುವುದೇ ಕೆಲಸ. ಬಯಲಿನ ರಸ್ತೆಯಲ್ಲಿ ಲಾರಿ ಹೇಗೋ ಸಾಗುತ್ತಿತ್ತು. ನಗರದೊಳಗೆ ಹೊಕ್ಕೊಡನೆ ತೊದಲುತ್ತಿತ್ತು. ಮಗನು ಕಂತಿನ ಸಾಲ ಮಾಡಿ ಹೊಸ ಯಂತ್ರ ತರಲು ಮನಸ್ಸು ಮಾಡಿದ. ಅದೇ ವರ್ಷ ಮೊಮ್ಮಗಳ ಕಾಲೇಜು ಶುಲ್ಕವೂ ತಲೆಯ ಮೇಲಿತ್ತು. ಒಂದು ತಿಂಗಳು ತಡೆಯುವಂತೆ ಅವನನ್ನು ಕೇಳಿಕೊಂಡು, ಮೊಮ್ಮಗನೂ ನಾನೂ ಒಂದು ನೋಟ್‌ಬುಕ್ ಹಿಡಿದು ಕುಳಿತೆವು.

ಅಡಿಗೆಮನೆಯ ಹೋಲಿಕೆ

ಗಣಕಯಂತ್ರದ ಒಳಗಿನ ವ್ಯವಸ್ಥೆಯನ್ನು ಮದುವೆಯ ಅಡಿಗೆಮನೆಗೆ ಹೋಲಿಸಬಹುದು. ಹಾರ್ಡ್ ಡಿಸ್ಕ್ ಎಂಬುದು ಉಗ್ರಾಣ. ರ್‍ಯಾಮ್ ಎಂಬುದು ಸಾಮಗ್ರಿಗಳನ್ನು ಕೈಗೆಟಕುವಂತೆ ಹರಡಿಟ್ಟ ಕಟ್ಟೆ. ಪ್ರೊಸೆಸರ್ ಎಲ್ಲವನ್ನೂ ಗೊತ್ತುಮಾಡಿ ಅಪ್ಪಣೆ ಕೊಡುವ ಹಿರಿಯ ಅಡಿಗೆಯವನು. ಗ್ರಾಫಿಕ್ಸ್ ಕಾರ್ಡ್ ಸಾಲಾಗಿ ಕುಳಿತು ಒಂದೇ ಸಮನೆ ಹೋಳಿಗೆ ಲಟ್ಟಿಸುವ ನೂರಾರು ಕೈಗಳ ಸಮೂಹ. ಹೋಳಿಗೆ ಲಟ್ಟಿಸುವವರೇ ಇಬ್ಬರಿದ್ದರೆ ಉಗ್ರಾಣವನ್ನು ಎಷ್ಟು ದೊಡ್ಡದು ಮಾಡಿದರೂ ಪಂಕ್ತಿ ಕಾಯುವುದು ತಪ್ಪದು. ಹಿರಿಯ ಅಡಿಗೆಯವನೇ ನಿಧಾನಿಯಾದರೆ ಲಟ್ಟಿಸುವ ಕೈಗಳು ನೂರಿದ್ದೂ ಪ್ರಯೋಜನವಿಲ್ಲ.

ತೆರೆಯ ಮೇಲಿನ ಚಲನೆ ಬಿಡಿಚಿತ್ರಗಳ ಓಟವಷ್ಟೆ. ಈ ಬಿಡಿಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದನ್ನೂ ಸುಮಾರು 16.7 ಮಿಲಿಸೆಕೆಂಡಿನಲ್ಲಿ ಸಿದ್ಧಪಡಿಸಬೇಕು. 25 ಫ್ರೇಮ್ ಮಾತ್ರ ಬರುತ್ತಿದ್ದರೆ ಒಂದೊಂದಕ್ಕೂ 40 ಮಿಲಿಸೆಕೆಂಡು ಹಿಡಿಯುತ್ತಿದೆಯೆಂದು ಅರ್ಥ. ಕಣ್ಣಿಗೆ ತೊದಲಾಗಿ ಕಾಣುವುದು ಆಗಲೇ. ಸಾಧಾರಣ ಮಾನಿಟರುಗಳು ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವುದರಿಂದ, ಅಂಥ ತೆರೆಯುಳ್ಳವರು ಅದಕ್ಕಿಂತ ಹೆಚ್ಚಿನ ಫ್ರೇಮುಗಳಿಗೆ ಹಣ ಸುರಿಯಬೇಕಾದ್ದಿಲ್ಲ.

ಮೊದಲು ಪ್ರತಿ, ಆಮೇಲೆ ಸ್ಕ್ರೂಡ್ರೈವರ್

ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಒಂದು ಮಾತು. 2021ರಲ್ಲಿ ಇದೇ ಯಂತ್ರ ನಿಧಾನವಾಯಿತೆಂದು ಅಂಗಡಿಯೊಂದಕ್ಕೆ ಒಪ್ಪಿಸಿದ್ದೆ. ವಿಂಡೋಸ್ ಹೊಸದಾಗಿ ಹಾಕುವ ಭರದಲ್ಲಿ ಅಲ್ಲಿನವರು ಡಿಸ್ಕನ್ನೆಲ್ಲ ಅಳಿಸಿಬಿಟ್ಟರು. ನುಡಿ ತಂತ್ರಾಂಶದಲ್ಲಿ ನಾನೇ ಬೆರಳಚ್ಚು ಮಾಡಿದ್ದ ಪದಸೂಚಿಯೊಂದು, ಹದಿನಾಲ್ಕು ತಿಂಗಳ ದುಡಿಮೆ, ಅದರೊಡನೆ ಹೋಯಿತು. ಅವರು ಕೇಳಲಿಲ್ಲವೆಂದು ಕೋಪಗೊಂಡದ್ದುಂಟು. ನಾನು ಪ್ರತಿ ತೆಗೆದಿಡದೆ ಹೋದದ್ದೂ ಅಷ್ಟೇ ದೊಡ್ಡ ತಪ್ಪು. ಆದುದರಿಂದ ಈ ಸಲ ಮೊದಲ ಕೆಲಸವೆಂದರೆ ಬರವಣಿಗೆ, ಭಾವಚಿತ್ರ, ಕಾಗದಪತ್ರಗಳನ್ನೆಲ್ಲ ಹೊರಗಿನ ಎರಡು ಡಿಸ್ಕುಗಳಿಗೆ ನಕಲು ಮಾಡಿ, ಆ ನಕಲುಗಳು ತೆರೆಯುತ್ತವೆಯೇ ಎಂದು ಮತ್ತೊಂದು ಯಂತ್ರದಲ್ಲಿ ನೋಡಿದ್ದು.

ಅಳೆಯುವ ಕ್ರಮ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಆಟ ನಡೆಯುತ್ತಿರುವಾಗ ಯಾವ ಭಾಗ ಎಷ್ಟು ದುಡಿಯುತ್ತಿದೆಯೆಂಬುದು ಅಲ್ಲಿ ಶೇಕಡಾ ಲೆಕ್ಕದಲ್ಲಿ ಕಾಣುವುದು. ಗ್ರಾಫಿಕ್ಸ್ ಸದಾ ನೂರರ ಹತ್ತಿರವಿದ್ದರೆ ಕೊರತೆ ಅಲ್ಲಿದೆ. ರ್‍ಯಾಮ್ ತುಂಬಿ ತುಳುಕುತ್ತ ಡಿಸ್ಕು ಬಿಡುವಿಲ್ಲದೆ ಓಡುತ್ತಿದ್ದರೆ ಕಟ್ಟೆ ಸಾಲದೆಂದು ತಿಳಿಯಬೇಕು. ಪ್ರೊಸೆಸರಿನ ಲೆಕ್ಕದಲ್ಲಿ ಮಾತ್ರ ಮೋಸಹೋಗಬಾರದು: ನಾಲ್ಕು ಕೋರುಗಳಲ್ಲಿ ಒಂದೇ ಬಸವಳಿದು ಉಳಿದವು ಸುಮ್ಮನಿದ್ದರೆ ಒಟ್ಟು ಲೆಕ್ಕ ಕಡಿಮೆಯೆಂದೇ ಕಾಣುವುದು.

ಇದಕ್ಕೆ ಇನ್ನೊಂದು ಸುಲಭ ಪರೀಕ್ಷೆಯಿದೆ. ಆಟದ ಸೆಟ್ಟಿಂಗಿನಲ್ಲಿ ತೆರೆಯ ಸ್ಪಷ್ಟತೆಯನ್ನು 1920×1080ರಿಂದ 1280×720ಕ್ಕೆ ಇಳಿಸಿ ನೋಡಬೇಕು. ಮೊದಲನೆಯದರಲ್ಲಿ ಪ್ರತಿ ಫ್ರೇಮಿಗೆ 20,73,600 ಬಿಂದುಗಳು. ಎರಡನೆಯದರಲ್ಲಿ 9,21,600 ಮಾತ್ರ. ಇಳಿಸಿದಾಗ ಓಟ ಚುರುಕಾದರೆ ಸೋತಿರುವುದು ಗ್ರಾಫಿಕ್ಸ್ ಭಾಗ. ಏನೂ ಬದಲಾಗದಿದ್ದರೆ ಸೋತಿರುವುದು ಬಹುಮಟ್ಟಿಗೆ ಪ್ರೊಸೆಸರ್. ನಮ್ಮ ಯಂತ್ರದಲ್ಲಿ ನಗರದೊಳಗೆ ಇಪ್ಪತ್ತಕ್ಕಿಂತ ಕೆಳಗಿದ್ದ ಫ್ರೇಮುಗಳು ಇಳಿಸಿದೊಡನೆ ಮೂವತ್ತರ ಆಸುಪಾಸಿಗೆ ಏರಿದವು. ರೋಗ ಎಲ್ಲಿದೆಯೆಂಬುದು ತಿಳಿಯಿತು.

ವೆಚ್ಚವಿಲ್ಲದ ಚಿಕಿತ್ಸೆ

ಬಯಲುಸೀಮೆಯ ಧೂಳು ಗಣಕಯಂತ್ರಕ್ಕೆ ದೊಡ್ಡ ಶತ್ರು. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳ ನಡುವೆ ಹತ್ತಿಯಂತೆ ಧೂಳು ಕಟ್ಟಿತ್ತು. ಶಾಖ ಹೊರಹೋಗದೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಈ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ತಂತಿ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹೋಗಲಾಡಿಸಿ, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಮೃದುವಾದ ಒಣ ಬ್ರಷ್ಷಿನಿಂದ ಶುಚಿಮಾಡಿದೆವು. ಪ್ರೊಸೆಸರಿನ ಮೇಲೆ ಒಣಗಿದ್ದ ಶಾಖವಾಹಕ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿದೆವು. ಫ್ಯಾನಿನ ಗದ್ದಲ ಅಂದೇ ನಿಂತಿತು. ಆಟದಲ್ಲಿ ನೆರಳು, ಕನ್ನಡಿಬಿಂಬಗಳ ಸೆಟ್ಟಿಂಗನ್ನು ತಗ್ಗಿಸಿದ್ದರಿಂದಲೂ ಹೊರೆ ಇಳಿಯಿತು.

ಹಣ ಹಾಕಬೇಕಾದ ಕಡೆ

ರ್‍ಯಾಮ್ ವಿಷಯದಲ್ಲಿ ಮೊದಲು ಕೈಹಾಕಿದೆವು. ಒಂದೇ ಪಟ್ಟಿಯಿದ್ದಾಗ ಮಾಹಿತಿ ಒಂದೇ ದಾರಿಯಲ್ಲಿ ಹರಿಯುತ್ತದೆ. ಡಿಡಿಆರ್3-1600 ಪಟ್ಟಿಯೊಂದರ ಗರಿಷ್ಠ ಹರಿವು ಸೆಕೆಂಡಿಗೆ 12.8 ಜಿಬಿ. ಅಂಥದೇ ಇನ್ನೊಂದನ್ನು ಸರಿಯಾದ ಗಾಡಿಯಲ್ಲಿ ಕೂರಿಸಿದರೆ ಅದು 25.6 ಜಿಬಿ. ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ ಬರೆಯುವ ಭಾಗವೂ ಇದೇ ರ್‍ಯಾಮನ್ನು ಬಳಸುವುದರಿಂದ ಇದರ ಪರಿಣಾಮ ಎದ್ದು ಕಾಣುವುದು. 8 ಜಿಬಿಯ ಮತ್ತೊಂದು ಪಟ್ಟಿ ಸೇರಿ 16 ಜಿಬಿ ಆಯಿತು. ಅಗ್ಗವೆಂದು ಸರ್ವರ್ ಯಂತ್ರಗಳ ರಿಜಿಸ್ಟರ್ಡ್ ರ್‍ಯಾಮ್ ತಂದರೆ ಇದರಲ್ಲಿ ಕೆಲಸ ಮಾಡದು. ಡಿಡಿಆರ್4 ಪಟ್ಟಿಯಂತೂ ಗಾಡಿಯಲ್ಲಿ ಕೂರುವುದೇ ಇಲ್ಲ.

ತಿರುಗುವ ಡಿಸ್ಕಿನ ಬದಲು ಸಾಟಾ ಎಸ್‌ಎಸ್‌ಡಿ ಹಾಕುವುದು ಎರಡನೆಯ ಹೆಜ್ಜೆ. ಹಳೆಯ ಡಿಸ್ಕು ಸೆಕೆಂಡಿಗೆ 100ರಿಂದ 200 ಎಂಬಿ ಓದಿದರೆ ಇದು 500 ಎಂಬಿಗೂ ಮೇಲೆ ಓದಬಲ್ಲದು. ಚೂರುಚೂರಾಗಿ ಹರಡಿದ ಕಡತಗಳನ್ನು ಹುಡುಕಿ ಓದುವುದರಲ್ಲಿ ಅಂತರ ಇನ್ನೂ ದೊಡ್ಡದು. ಯಂತ್ರ ತೆರೆಯುವುದು, ಆಟ ಆರಂಭವಾಗುವುದು ಬೇಗನೆ ಆಗುತ್ತದೆ. ಆದರೆ ಎಸ್‌ಎಸ್‌ಡಿಯಿಂದ ಫ್ರೇಮುಗಳ ಸಂಖ್ಯೆ ಹೆಚ್ಚುವುದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಉಗ್ರಾಣದ ಬಾಗಿಲು ಅಗಲವಾಯಿತೇ ಹೊರತು ಲಟ್ಟಿಸುವ ಕೈಗಳು ಹೆಚ್ಚಲಿಲ್ಲ.

ಆ ಕೈಗಳನ್ನು ತರುವುದೇ ಗ್ರಾಫಿಕ್ಸ್ ಕಾರ್ಡ್. ಇಲ್ಲಿ ವಿದ್ಯುತ್ತಿನ ಲೆಕ್ಕ ಮುಖ್ಯ. ನಮ್ಮ ಟವರ್ ಪೆಟ್ಟಿಗೆಯ ಪವರ್ ಸಪ್ಲೈ 290 ವಾಟ್‌ನದು. ಪ್ರೊಸೆಸರಿಗೆ 84 ವಾಟ್ ಮೀಸಲು. ಮದರ್‌ಬೋರ್ಡಿನ ಗಾಡಿಯಿಂದಲೇ ಕಾರ್ಡಿಗೆ ದೊರೆಯಬಹುದಾದ ವಿದ್ಯುತ್ತು 75 ವಾಟ್. ಎರಡೂ ಕೂಡಿ 159. ಡಿಸ್ಕು, ಫ್ಯಾನುಗಳನ್ನು ಸೇರಿಸಿದರೂ ಮಿತಿಯೊಳಗೇ ಉಳಿಯುವುದು. ಆದುದರಿಂದ ಬೇರೆ ವಿದ್ಯುತ್ ತಂತಿ ಬೇಡದ, 75 ವಾಟ್‌ನೊಳಗಿನ ಕಾರ್ಡನ್ನೇ ಆರಿಸಬೇಕೆಂದು ನಿಶ್ಚಯಿಸಿದೆವು. ದೊಡ್ಡ ಕಾರ್ಡಿನ ಆಸೆಗೆ ಬಿದ್ದರೆ ಪವರ್ ಸಪ್ಲೈಯನ್ನೂ ಬದಲಿಸಬೇಕು. ಈ ಮಾದರಿಯಲ್ಲಿ ಮಾರುಕಟ್ಟೆಯ ಸಾಮಾನ್ಯ 24 ಪಿನ್ನಿನ ಜೋಡಣೆ ನೇರವಾಗಿ ಹೊಂದದು, ಅದಕ್ಕೊಂದು ಅಡಾಪ್ಟರ್ ಬೇಕು. ಹೆಸರಿಲ್ಲದ ಅಗ್ಗದ ಪವರ್ ಸಪ್ಲೈ ಕೆಟ್ಟರೆ ತನ್ನೊಡನೆ ಬೇರೆ ಭಾಗಗಳನ್ನೂ ಸುಟ್ಟುಕೊಂಡು ಹೋಗಬಹುದು.

2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650 ಎರಡೂ 75 ವಾಟ್, 4 ಜಿಬಿ ಸ್ಮೃತಿಯ ಕಾರ್ಡುಗಳು. ಮೊದಲನೆಯದರಲ್ಲಿ 768, ಎರಡನೆಯದರಲ್ಲಿ 896 ಕಿರು ಗಣನಾಘಟಕಗಳಿವೆ. 1050 ಟಿಐ ಸೇರಿದ ಪೀಳಿಗೆಗೆ ಎನ್‌ವಿಡಿಯಾ ಕಂಪೆನಿ 2025ರ ಅಕ್ಟೋಬರಿನಿಂದ ಹೊಸ ಆಟಗಳಿಗೆಂದು ಡ್ರೈವರ್ ಒದಗಿಸುವುದನ್ನು ನಿಲ್ಲಿಸಿದ್ದರಿಂದ 1650 ಕಾರ್ಡನ್ನೇ ಹುಡುಕಿದೆವು. 2022ರ ರೇಡಿಯಾನ್ ಆರ್‌ಎಕ್ಸ್ 6400 ಇನ್ನೂ ಕಡಿಮೆ, 53 ವಾಟ್‌ನದು. ಆದರೆ ಅದು ನಾಲ್ಕೇ ಸಂಪರ್ಕಪಥಗಳನ್ನು ಬಳಸುವುದರಿಂದ ಹಳೆಯ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡಿನಲ್ಲಿ ಅದರ ಕಸುವು ಕುಗ್ಗುತ್ತದೆ. ತೆಳ್ಳನೆಯ ಪೆಟ್ಟಿಗೆಯುಳ್ಳವರು ಕುಳ್ಳ ಆಕಾರದ ಕಾರ್ಡನ್ನೇ ಕೇಳಿ ತರಬೇಕು. ಒಳಗಿನ ಜಾಗವನ್ನು ಅಳೆದುಕೊಂಡು ಹೋಗುವುದು ಕ್ಷೇಮ.

ಕಾರ್ಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಬಳಸಿದ ಸರಕಾಗಿ ಕೊಂಡೆವು. ಅತಿ ಹಳೆಯ ಕಾರ್ಡಿಗೆ ಹೊಸ ಹೆಸರಿನ ಸುಳ್ಳು ಬಯಾಸ್ ತುಂಬಿ ಮಾರುವವರೂ ಲೋಕದಲ್ಲಿದ್ದಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಅಂಥ ಹಲವು ನಕಲಿಗಳನ್ನು ಗುರುತಿಸಬಲ್ಲದು. ಅಂಗಡಿಯಲ್ಲಿಯೇ ಅದನ್ನು ಓಡಿಸಿ ತೋರಿಸುವಂತೆ ಕೇಳಿದೆವು. ತೋರಿಸಿದ ಮೇಲೆಯೇ ಹಣ ಕೊಟ್ಟೆವು.

ಮನೆಗೆ ತಂದು ಕೂರಿಸಿದಾಗ ಓಟದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮೊಮ್ಮಗನ ಮುಖ ಬಾಡಿತು. ಅರ್ಧ ಗಂಟೆಯ ಮೇಲೆ ತಿಳಿದದ್ದು: ಮಾನಿಟರಿನ ತಂತಿ ಇನ್ನೂ ಮದರ್‌ಬೋರ್ಡಿನ ಹಳೆಯ ಕಿಂಡಿಯಲ್ಲಿಯೇ ಇತ್ತು! ಅದನ್ನು ಹೊಸ ಕಾರ್ಡಿಗೆ ಸಿಕ್ಕಿಸಬೇಕು. 1650ರಲ್ಲಿ ವಿಜಿಎ ಕಿಂಡಿ ಇಲ್ಲದ್ದರಿಂದ ಹಳೆಯ ಮಾನಿಟರಿಗೆ ಪರಿವರ್ತಕವನ್ನು ತರುವವರೆಗೆ ಎರಡು ದಿನ ಕಾಯಬೇಕಾಯಿತು. ಅನಂತರ 1920×1080ರಲ್ಲಿಯೇ ನಗರದೊಳಗೆ ಫ್ರೇಮುಗಳು ಐವತ್ತರ ಮೇಲೆ ನಿಂತವು.

ಎಲ್ಲಿ ನಿಲ್ಲಬೇಕು?

ಇದೇ ಬೋರ್ಡಿನಲ್ಲಿ ಕೂರುವ ಐ7-4790 ಹಾಕೋಣವೇ ಎಂದು ಮೊಮ್ಮಗ ಕೇಳಿದ. ಅದಕ್ಕೂ ಕೋರುಗಳು ನಾಲ್ಕೇ. ಆದರೆ ಎಂಟು ಎಳೆಗಳಲ್ಲಿ ಕೆಲಸ ನಡೆಸಬಲ್ಲದು. ಹಲವು ಹೊಸ ಆಟಗಳಿಗೆ ಅದರಿಂದ ಲಾಭವುಂಟು. ನಾವು ಆಡುವ ಲಾರಿಯ ಆಟದ ಹೊರೆ ಬಹುಪಾಲು ಒಂದೇ ಕೋರಿನ ಮೇಲೆ ಬೀಳುವುದರಿಂದ ಹಾಕಿದ ಹಣಕ್ಕೆ ತಕ್ಕ ಫಲ ಸಿಗದು. ನೋಟ್‌ಬುಕ್ಕಿನ ಲೆಕ್ಕ ತೋರಿಸಿದಾಗ ಅವನೇ ಒಪ್ಪಿದ.

ಎಲ್ಲ ಹಳೆಯ ಯಂತ್ರಕ್ಕೂ ಒಂದು ಗಡಿಯಿದೆ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟದಂಥವು ಬೆಳಕಿನ ಕಿರಣಗಳನ್ನು ಲೆಕ್ಕಹಾಕುವ ವಿಶೇಷ ಭಾಗವುಳ್ಳ ಕಾರ್ಡನ್ನೇ ಬಯಸುತ್ತವೆ, 1650ರಲ್ಲಿ ಅದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಕೆಲವು ಅಪವಾದಗಳ ಹೊರತು ಇಂಟೆಲ್‌ನ ಎಂಟನೆಯ ಪೀಳಿಗೆಯನ್ನೂ ಅದರ ಮುಂದಿನವುಗಳನ್ನೂ ಮಾತ್ರ ಒಪ್ಪುತ್ತದೆ, ನಮ್ಮದು ನಾಲ್ಕನೆಯದು. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯಲ್ಲಿ ಲಾರಿಯ ಆಟ ನಡೆಯುವುದರಿಂದ ನಾವು ಆ ದಾರಿ ಹಿಡಿದೆವು. ಆದರೆ ವ್ಯಾಲೊರಂಟ್‌ನಂಥ ಸ್ಪರ್ಧೆಯ ಆಟಗಳು ಅಲ್ಲಿ ನಡೆಯವು. ಬ್ಯಾಂಕಿನ ವ್ಯವಹಾರಕ್ಕೂ ಅದೇ ಯಂತ್ರವನ್ನು ಬಳಸುವ ಮನೆಯವರು ಸುರಕ್ಷತೆಯ ಈ ಸಂಗತಿಯನ್ನು ಮೊದಲು ಯೋಚಿಸಬೇಕು.

ಮದರ್‌ಬೋರ್ಡ್, ಪ್ರೊಸೆಸರ್, ರ್‍ಯಾಮ್ ಮೂರನ್ನೂ ಬದಲಿಸಬೇಕೆಂಬ ಹಂತ ಬಂದರೆ ಅದು ದುರಸ್ತಿಯಲ್ಲ, ಹೊಸ ಯಂತ್ರವೇ. ಬದಲಾವಣೆಯ ವೆಚ್ಚ ಹೊಸದರ ಅರ್ಧ ಬೆಲೆ ದಾಟಿದರೂ ಕೈ ಹಿಂದೆಗೆಯುವುದು ಲೇಸು. ನಮಗೆ ತಗಲಿದ್ದು ಕಾಲು ಭಾಗಕ್ಕಿಂತ ಕಡಿಮೆ. ಮಗನು ಸಾಲ ಮಾಡಲಿಲ್ಲ. ಮೊಮ್ಮಗಳ ಶುಲ್ಕ ಗಡುವಿನೊಳಗೆ ಸಂದಾಯವಾಯಿತು.

ಈಗ ಬೆಳಗಿನ ಹೊತ್ತು ಅದೇ ಯಂತ್ರದಲ್ಲಿ ಕಳೆದುಹೋದ ಪದಸೂಚಿಯನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಸಂಜೆ ಒಂದು ಗಂಟೆ ಅದು ಮೊಮ್ಮಗನದು. ಆಟ ಮುಗಿಸಿ ಏಳುವ ಮೊದಲು ಅಂದಿನ ನನ್ನ ಬರವಣಿಗೆಯನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಡುವುದು ಅವನು ತಾನಾಗಿ ವಹಿಸಿಕೊಂಡ ಕೆಲಸ. ಇದುವರೆಗೆ ಒಂದು ದಿನವೂ ತಪ್ಪಿಸಿಲ್ಲ.