ಉತ್ತರವನ್ನು ಇಡುವುದೆಲ್ಲಿ?

ಸಮ್ಮಿಶ್ರ ಸಂಖ್ಯೆಯನ್ನು ಗಣಿತಜ್ಞನು ಒಂದೇ ಸಂಖ್ಯೆಯೆಂದು ಎಣಿಸುತ್ತಾನೆ. ಗಣಕಯಂತ್ರಕ್ಕಾದರೋ ಅದು ಒಂದು ಜೋಡಿ: ವಾಸ್ತವ ಭಾಗವೊಂದು, ಕಾಲ್ಪನಿಕ ಭಾಗವೊಂದು. ಈ ಅಲ್ಪಭೇದದಿಂದ ಎಂತಹ ಅನರ್ಥವೊದಗಬಹುದೆಂಬುದನ್ನು ನೋಡೋಣ.

ದೊಡ್ಡ ಲೆಕ್ಕವೊಂದನ್ನು ಫಂಕ್ಷನ್‌ಗಳೆಂಬ ಸಣ್ಣ ತುಂಡುಗಳಾಗಿ ಬರೆಯುವುದು ವಾಡಿಕೆ. ಒಂದು ಫಂಕ್ಷನ್ ಮತ್ತೊಂದನ್ನು ಕರೆದಾಗ ಉತ್ತರವು ಎಲ್ಲಿ ದೊರೆಯಬೇಕೆಂಬ ಬಗ್ಗೆ ಮೊದಲೇ ಒಡಂಬಡಿಕೆಯಿರಬೇಕು. ಇದನ್ನು ಕರೆಯ ಸಂಪ್ರದಾಯವೆನ್ನಬಹುದು. ಹಾಲಿನವನು ನಾವಿಟ್ಟ ಪಾತ್ರೆಗೆ ಹಾಲೆರೆಯಬಹುದು, ಇಲ್ಲವೆ ತನ್ನ ಸೀಸೆಯಲ್ಲಿ ತಂದು ಕೈಗೆ ಕೊಡಬಹುದು. ಯಾವುದೆಂದು ಇಬ್ಬರಿಗೂ ತಿಳಿದಿರಬೇಕಷ್ಟೆ.

ಸಿ ಭಾಷೆಗೆ ಸಮ್ಮಿಶ್ರ ಸಂಖ್ಯೆ ದೊರೆತುದು 1999ರ ಪ್ರಮಾಣದಲ್ಲಿ. ಅದಕ್ಕೆ ಮೊದಲೇ, ಫೋರ್ಟ್ರಾನ್ ಭಾಷೆಯನ್ನು ಸಿ ಭಾಷೆಗೆ ಪರಿವರ್ತಿಸುವ ಎಫ್‌ಟುಸಿ ಎಂಬ ಸಾಧನವು ಪಾತ್ರೆಯ ಪದ್ಧತಿಯನ್ನು ಹಿಡಿದಿತ್ತು: ಉತ್ತರವನ್ನು ಬರೆಯಬೇಕಾದ ಸ್ಥಳದ ವಿಳಾಸವನ್ನು ಕರೆಯುವವನೇ ಗುಟ್ಟಾಗಿ ಮೊದಲು ಕೊಡಬೇಕು. ಜಿ77 ಕಂಪೈಲರ್ ಇದನ್ನೇ ಅನುಸರಿಸಿತು. 2005ರಲ್ಲಿ ಅದರ ಸ್ಥಾನಕ್ಕೆ ಬಂದ ಜಿಫೋರ್ಟ್ರಾನ್ ಸಿ ಭಾಷೆಯ ಕ್ರಮವನ್ನು ಹಿಡಿಯಿತು. 64 ಬಿಟ್ಟಿನ ಇಂಟೆಲ್ ಮಾದರಿಯ ಲಿನಕ್ಸ್ ಯಂತ್ರಗಳಲ್ಲಿ ಇದರಂತೆ 8 ಬೈಟಿನ ಎರಡು ಭಾಗಗಳೂ ಎರಡು ರಿಜಿಸ್ಟರುಗಳಲ್ಲಿ ಹಿಂದಿರುಗುತ್ತವೆ.

ಎರಡೂ ಬೆರೆತರೆ? ಬ್ಲಾಸ್ ಸಂಗ್ರಹದ ‘ಝಡ್‌ಡಾಟ್‌ಸಿ’ ಎರಡು ಸದಿಶಗಳ ಗುಣಲಬ್ಧವನ್ನು ಕೊಡುವ ಫಂಕ್ಷನ್. ಕ್ವಾಂಟಂ ಭೌತಶಾಸ್ತ್ರದ ಲೆಕ್ಕಗಳಿಗೆ ಇಂತಹ ಗುಣಲಬ್ಧವೇ ಆಧಾರ. ಅದಕ್ಕೆ ಮೊದಲು ಕೊಡುವುದು ಘಟಕಗಳ ಎಣಿಕೆಯ ವಿಳಾಸ, ಬಳಿಕ ಸದಿಶದ ವಿಳಾಸ. ಹಳೆಯ ಪದ್ಧತಿಯ ಫಂಕ್ಷನ್ ಎಣಿಕೆಯ ವಿಳಾಸವನ್ನೇ ಉತ್ತರದ ಪಾತ್ರೆಯೆಂದೂ ಸದಿಶವನ್ನೇ ಎಣಿಕೆಯೆಂದೂ ಭ್ರಮಿಸುತ್ತದೆ. ಸದಿಶದ ಮೊದಲ ಸಂಖ್ಯೆ 3 ಆಗಿದ್ದರೆ, ಈ ಯಂತ್ರಗಳಲ್ಲಿ ಅದರ ಮೊದಲ 4 ಬೈಟುಗಳು ಸೊನ್ನೆ. ಕೂಡಿಸಲು ಏನೂ ಇಲ್ಲವೆಂದು ತಿಳಿದ ಫಂಕ್ಷನ್ ಎಣಿಕೆಯ ಮೇಲೆಯೇ ಸೊನ್ನೆಯನ್ನು ಬರೆದುಬಿಡುತ್ತದೆ! ಕರೆದವನಾದರೋ ರಿಜಿಸ್ಟರುಗಳಲ್ಲಿ ಉಳಿದಿದ್ದ ಕಸವನ್ನೇ ಉತ್ತರವೆಂದು ಸ್ವೀಕರಿಸುತ್ತಾನೆ. ತುಂಡುಗಳನ್ನು ಜೋಡಿಸುವ ಲಿಂಕರ್ ಹೆಸರುಗಳನ್ನು ಮಾತ್ರ ತಾಳೆ ನೋಡುವುದರಿಂದ ಎಚ್ಚರಿಕೆಯೂ ಹೊರಡದು. ಯಂತ್ರವು ನಿಂತುಹೋದರೆ ಅದು ನಮ್ಮ ಪುಣ್ಯ. ನಿಲ್ಲದೆ ತಪ್ಪುತ್ತರ ಕೊಡುವುದೇ ಹೆಚ್ಚು ಅಪಾಯ.

ಪರಿಹಾರ ಸರಳ. ಬ್ಲಾಸಿನ ಸಿ ಭಾಷೆಯ ರೂಪದಲ್ಲಿ ಈ ಫಂಕ್ಷನ್ ಏನನ್ನೂ ಹಿಂದಿರುಗಿಸುವುದಿಲ್ಲ. ಉತ್ತರದ ವಿಳಾಸವನ್ನು ಬಹಿರಂಗವಾಗಿಯೇ ಕೇಳುತ್ತದೆ. ಗುಟ್ಟಿಲ್ಲದೆಡೆ ಗೊಂದಲವೂ ಇಲ್ಲ. ಆದರೂ ಪರರ ಫಂಕ್ಷನ್‌ಗಳನ್ನು ಬಳಸುವ ವಿದ್ಯಾರ್ಥಿಯು, ಕೈಲೆಕ್ಕದಿಂದ ಉತ್ತರ ತಿಳಿದಿರುವ ಸಣ್ಣ ಸಮಸ್ಯೆಯೊಂದನ್ನು ಮೊದಲು ಕೊಟ್ಟು ನೋಡುವುದು ವಿವೇಕ.