ಮೊದಲು ಅಡಿಕೋಲು, ಆಮೇಲೆ ಮರಿ

ಹಿತ್ತಲಲ್ಲಿ ನಾಲ್ಕು ಕೋಳಿ ಸಾಕೋಣವೆಂದು ಹೊರಟವರು ಮೊದಲು ಮರಿ ತಂದುಬಿಡುತ್ತಾರೆ. ಸಂತೆಯ ಬುಟ್ಟಿಯಲ್ಲಿ ಚಿಂವ್‌ಗುಟ್ಟುವ ಮರಿಗಳನ್ನು ಕಂಡರೆ ಮಕ್ಕಳು ಬಿಡುವುದಿಲ್ಲ. ಹತ್ತು ಕೊಂಡರೆ ಮಾರುವವನು ಎರಡು ಮೇಲೆ ಹಾಕಿ ಕಳಿಸುತ್ತಾನೆ. ಒಂದಷ್ಟು ದಿನ ರಟ್ಟಿನ ಪೆಟ್ಟಿಗೆಯೇ ಸಾಕು. ಮೂರು ತಿಂಗಳಾಗುವಷ್ಟರಲ್ಲಿ ಅವೇ ಬಚ್ಚಲ ಹಿಂದಿನ ಬಸಳೆ ಬುಡದಿಂದ ಪಕ್ಕದ ಮನೆಯ ಕೊತ್ತಂಬರಿ ಮಡಿಯವರೆಗೂ ಕೆದರಿ ಹಾಕಿರುತ್ತವೆ. ಜಾಗದ ಮಾತು ಶುರುವಾಗುವುದು ಆಗ, ಅದೂ ಬೇಲಿಯಾಚೆಯಿಂದ.

ಹಳ್ಳಿಮನೆಗಳಲ್ಲಿ ಈ ಗೊಡವೆ ಇರಲಿಲ್ಲ. ಸಂಜೆ ಮಂಕರಿ ಕವುಚಿ ಮೇಲೊಂದು ಕಲ್ಲು ಹೇರಿದರೆ, ಇಲ್ಲವೇ ಕೊಟ್ಟಿಗೆ ಗೋಡೆಗೆ ಸೇರಿಸಿ ಕಟ್ಟಿದ ಮಣ್ಣಿನ ಗೂಡಿನ ಬಾಯಿಗೆ ಚಪ್ಪಡಿ ಒರಗಿಸಿದರೆ ಮುಗಿಯಿತು. ಬೆಳಗಾದರೆ ತಿಪ್ಪೆ, ಕಣ, ತೋಟ ಎಲ್ಲವೂ ಕೋಳಿಯದೇ. ಮಂಕರಿ ಎಷ್ಟು ಇಕ್ಕಟ್ಟಾದರೂ ನಡೆಯುತ್ತಿತ್ತು, ಏಕೆಂದರೆ ಅಲ್ಲಿ ಅದಕ್ಕೆ ನಿದ್ದೆಯೊಂದೇ ಕೆಲಸ. ಇಂದು ಬೇಲಿಯೊಳಗೆ ಸಾಕುವವರು ಹೆಂಚು ಹೊದಿಸಿ ಬಣ್ಣ ಬಳಿದು ಗೂಡಿಗೇ ದುಡ್ಡು ಸುರಿಯುತ್ತಾರೆ. ಹಗಲು ಓಡಾಡುವ ಅಂಗಳಕ್ಕೆ ಮಿಕ್ಕಿದ ಮೂಲೆ. ನನ್ನ ಪ್ರಕಾರ ಖರ್ಚು ಮಾಡಬೇಕಾದದ್ದು ಅಂಗಳಕ್ಕೆ.

ಅಳತೆ ಹೀಗೆ. ರಾತ್ರಿಯ ಗೂಡಿನಲ್ಲಿ ಒಂದು ಕೋಳಿಗೆ ಒಂದೂವರೆಯಿಂದ ಎರಡು ಚದರಡಿ, ಅಂಗಳದಲ್ಲಿ ಕಡಿಮೆಯೆಂದರೂ 8ರಿಂದ 10 ಚದರಡಿ. ಇದಕ್ಕಿಂತ ಕಿರಿದಾದರೆ ನೆಲ ಕೆಲವೇ ವಾರಗಳಲ್ಲಿ ಬೋಳಾಗುತ್ತದೆ. ಹಿಕ್ಕೆ ಬಿದ್ದು ಒದ್ದೆಯಾದ ಬೋಳು ನೆಲವೆಂದರೆ ಜಂತುಹುಳಕ್ಕೂ ಮರಿಗಳ ರಕ್ತಭೇದಿಗೂ ತವರು. ಜೊತೆಗೆ ಕೋಳಿಗಳಲ್ಲಿ ದೊಡ್ಡದು ಚಿಕ್ಕದೆಂಬ ಸಾಲು ಇದ್ದೇ ಇರುತ್ತದೆ. ಕುಕ್ಕಿಸಿಕೊಂಡದ್ದಕ್ಕೆ ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲದಿದ್ದರೆ ಪುಕ್ಕ ಕಿತ್ತು ರಕ್ತ ಬರುವವರೆಗೂ ಕುಕ್ಕಾಟ ನಿಲ್ಲದು.

ಹತ್ತು ಕೋಳಿಗೆ ನಾನು ಹೇಳುವ ನಕ್ಷೆ: ಉತ್ತರ-ದಕ್ಷಿಣವಾಗಿ 24 ಅಡಿ ಉದ್ದ, 10 ಅಡಿ ಅಗಲದ ಜಾಗ. ನಡುವೆ 4 ಅಡಿ ಅಗಲದ ಪಟ್ಟಿ, ಅದರ ಆಚೆಗೊಂದು ಈಚೆಗೊಂದು 10 ಅಡಿ ಚೌಕದ ಅಂಗಳ. ನಡುವಿನ ಪಟ್ಟಿಯಲ್ಲಿ ಅರ್ಧ ಗೂಡು. ಇನ್ನರ್ಧ ಕಾವಿಗೆ ಕೂತ ಹೇಂಟೆಗೆ, ಇಲ್ಲವೇ ಹೊಸದಾಗಿ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಇಡುವುದಕ್ಕೆ. ಗೂಡಿನಿಂದ ಎರಡೂ ಅಂಗಳಕ್ಕೆ ಅಡಿಯಷ್ಟು ಅಗಲದ ಒಂದೊಂದು ಕಿಂಡಿ. ಒಂದನ್ನು ತೆರೆದಾಗ ಇನ್ನೊಂದು ಮುಚ್ಚಿರಲಿ. ಮುಚ್ಚಿದ ಕಡೆ ರಾಗಿಯನ್ನೋ ದಂಟನ್ನೋ ಚೆಲ್ಲಿ; ಒಂದೂವರೆ ಎರಡು ತಿಂಗಳಿಗೆ ಹಸಿರು ಕಟ್ಟಿಕೊಂಡಾಗ ಕೋಳಿಗಳನ್ನು ಆ ಕಡೆ ದಾಟಿಸಿ. ಈ ಅದಲುಬದಲು ಒಂದೇ ಸಾಕು, ಅರ್ಧ ರೋಗ ದೂರ. ಸಣ್ಣ ಸೈಟಿನವರಿಗೆ ನಾಲ್ಕು ಹೇಂಟೆ, ಒಟ್ಟು 50 ಚದರಡಿ. ಹುಂಜ ಬೇಡ; ಅದಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ನೆರೆಯವರು ನಸುಕಿನಲ್ಲಿ ಶಪಿಸುವುದೂ ತಪ್ಪುತ್ತದೆ.

ಈ ನಕ್ಷೆಯಲ್ಲಿ ಗೂಡಿನ ಪಟ್ಟಿ ಪೂರ್ವ-ಪಶ್ಚಿಮವಾಗಿ ನಿಲ್ಲುತ್ತದೆ. ಆ ಎರಡು ತುದಿಗಳಿಗೆ ಗೋಡೆ, ಉತ್ತರ ದಕ್ಷಿಣಕ್ಕೆ ಜಾಲರಿ. ಬೆಳಗಿನ, ಸಂಜೆಯ ಓರೆ ಬಿಸಿಲು ಒಳಗೆ ಬಾರದು, ಗಾಳಿಯಂತೂ ಆಡುತ್ತದೆ. ಮಲೆನಾಡಾದರೆ ಸೂರನ್ನು ಮೂರಡಿ ಮುಂದಕ್ಕೆ ಚಾಚಿ, ನೀರು ಹರಿದುಹೋಗುವಂತೆ ನೆಲ ಎತ್ತರಿಸಿ. ಬಯಲುಸೀಮೆಯಲ್ಲಿ ಮಳೆಗಿಂತ ಏಪ್ರಿಲ್ ಬಿಸಿಲೇ ವೈರಿ. ಅಂಗಳದೊಳಗೆ ಒಂದು ನುಗ್ಗೆಗಿಡ ಇರಲಿ, ನೆರಳಿನ ಜೊತೆ ಸೊಪ್ಪೂ ಆಯಿತು.

ಗೂಡಿನ ಒಳಗೆ ಒಂದು ಸಂಜೆ ನಿಂತು ನೋಡಿ. ಬೆಳಕು ಕುಂದುತ್ತಿದ್ದಂತೆ ಪ್ರತಿ ಕೋಳಿಯೂ ಎಟುಕುವ ಅತಿ ಎತ್ತರದ ಜಾಗಕ್ಕೇ ಹಾರುತ್ತದೆ. ಕೂರುವ ದಬ್ಬೆಗಳು ಏರುಪೇರಾಗಿದ್ದರೆ ಮೇಲಿನದಕ್ಕೆ ದಿನವೂ ಜಗಳ. ಆದ್ದರಿಂದ ಎಲ್ಲವೂ ಒಂದೇ ಎತ್ತರದಲ್ಲಿರಲಿ, ಕೋಳಿಗೆ 8ರಿಂದ 10 ಅಂಗುಲದ ಲೆಕ್ಕದಲ್ಲಿ. ಮೊಟ್ಟೆ ಇಡುವ ಪೆಟ್ಟಿಗೆ ಅದಕ್ಕಿಂತ ತಗ್ಗಿನಲ್ಲೇ ಇರಬೇಕು, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ. ಒಂದಡಿ ಚೌಕದ ಮೂರು ಪೆಟ್ಟಿಗೆ, ಮಬ್ಬುಗತ್ತಲ ಮೂಲೆಯಲ್ಲಿ, ಹತ್ತಕ್ಕೆ ಧಾರಾಳ. ತಳಿಯನ್ನೂ ಗಮನಿಸಿ. ನಾಟಿ ಕೋಳಿ ಆರಡಿ ಬೇಲಿಯನ್ನೂ ಹಾರುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮೈಭಾರದ್ದು. ಎತ್ತರದಿಂದ ಧುಮುಕಿದರೆ ಪಾದಕ್ಕೆ ಪೆಟ್ಟಾಗಿ ಬಾವು ಬರುತ್ತದೆ. ಅದಕ್ಕೆ ದಬ್ಬೆ ಎರಡಡಿ ಮೀರಬಾರದು.

ಇನ್ನು ಜಾಲರಿ. ಅಂಗಡಿಯಲ್ಲಿ ಕೋಳಿ ಜಾಲರಿ ಎಂದೇ ಮಾರುವ ಆರು ಮೂಲೆ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ. ನಾಯಿ ಹಲ್ಲಿನಿಂದ ಎಳೆದು ಹರಿಯುತ್ತದೆ, ಮುಂಗುಸಿ ಸಣ್ಣ ಸಂದಿಯಲ್ಲೇ ನುಸುಳುತ್ತದೆ. ಕೆಳಗಿನ ಎರಡಡಿಗೆ ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ ಹಾಕಿ, ಅದರ ಬುಡವನ್ನು ಒಂದಡಿ ಹೂಳಿ, ಇಲ್ಲವೇ ಹೊರಕ್ಕೆ ಬಾಗಿಸಿ ಮಣ್ಣು ಮುಚ್ಚಿ. ತೋಡುವ ಪ್ರಾಣಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಹಿಂದೆ ಸರಿದು ಕೆರೆಯುವುದು ಅಪರೂಪ. ಮೇಲೆ ಬಲೆ ಇಲ್ಲದಿದ್ದರೆ ಹಗಲು ಹದ್ದು, ರಾತ್ರಿ ಕಾಡುಬೆಕ್ಕು. ಬಾಗಿಲು ಆಳು ಹೋಗುವಷ್ಟು ಎತ್ತರವಿರಲಿ. ಬಗ್ಗಿ ಗುಡಿಸಬೇಕಾದ ಗೂಡನ್ನು ಯಾರೂ ಗುಡಿಸುವುದಿಲ್ಲ.

ಒಂದು ಮೂಲೆಗೆ ಒಲೆಬೂದಿ ಬೆರೆಸಿದ ಒಣಮಣ್ಣಿನ ಗುಂಡಿ ಬೇಕು, ಮಳೆ ಬೀಳದ ಕಡೆ. ಕೋಳಿ ಅದರಲ್ಲಿ ಓರೆಯಾಗಿ ಬಿದ್ದು ರೆಕ್ಕೆ ಬಡಿದು ಪುಕ್ಕದ ಬುಡಕ್ಕೆಲ್ಲ ಮಣ್ಣು ತುಂಬಿಕೊಂಡು, ಎದ್ದು ಒಮ್ಮೆ ಜಾಡಿಸುತ್ತದೆ. ಹೇನಿಗೆ ಅದೇ ಅದರ ಮದ್ದು. ಕೊಕ್ಕರೆ ರೋಗಕ್ಕೆ ಮಾತ್ರ ಲಸಿಕೆಯೇ ಗತಿ. ಪಶು ಆಸ್ಪತ್ರೆಯಲ್ಲಿ ಕೇಳಿ.

ಮರಿಗೆ ಹೇಳಿಡುವ ಮೊದಲು ಗೂಟ ನೆಟ್ಟು ಹಗ್ಗ ಎಳೆಯಿರಿ. ಮಧ್ಯಾಹ್ನ ಮೂರರ ಬಿಸಿಲು ಎಲ್ಲಿ ಬೀಳುತ್ತದೆ, ಮಳೆನೀರು ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ. ಜಾಗ ಸಾಲದೆಂದು ಕಂಡರೆ ಅಳತೆ ಕುಗ್ಗಿಸಬೇಡಿ, ಎರಡು ಕೋಳಿ ಕಡಿಮೆ ತನ್ನಿ.