ಒಂದು ರಾತ್ರಿಗೆಂದು ಕಿಶ್‌ಗೆ ಹೋದವರು

ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಕಾಗಾಲದ ಬಸ್ಸಿಗೆ ಕಾದು ನಿಂತವರ ಮಾತಿನಲ್ಲಿ ದುಬೈ ಎಂಬುದು ಹುಬ್ಬಳ್ಳಿಗಿಂತ ಹತ್ತಿರದ ಊರು. ಭಟ್ಕಳದ ನವಾಯತರ ಮನೆಗಳಿಂದ ಹಿಡಿದು ಹೊನ್ನಾವರ, ಕುಮಟೆಯ ಮೀನುಗಾರರ ಕೇರಿಗಳ ತನಕ ಕೊಲ್ಲಿಯ ದುಡ್ಡು ಕಂಡವರಿದ್ದಾರೆ. ಆದರೆ ‘ಕಿಶ್’ ಎಂದರೆ ಏನೆಂದು ಕೇಳಿ ನೋಡಿ. ಹೋಗಿ ಬಂದವನು ಮಾತ್ರ ಸುಮ್ಮನಾಗುತ್ತಾನೆ.

ಕಿಶ್ ಇರಾನಿಗೆ ಸೇರಿದ ಒಂದು ದ್ವೀಪ. ಮುಕ್ತ ವ್ಯಾಪಾರದ ಜಾಗವಾದ್ದರಿಂದ ಅಲ್ಲಿ ಕೆಲ ದಿನ ಇರಲು ವೀಸಾ ಬೇಡ. ದುಬೈ, ಶಾರ್ಜಾಗಳಿಂದ ವಿಮಾನ ಹತ್ತಿದರೆ ಗಂಟೆಯೊಳಗಿನ ದಾರಿ. ವಿಸಿಟ್ ವೀಸಾದಲ್ಲಿ ದುಬೈಗಿಳಿದು ಕೆಲಸ ಹುಡುಕಿದವನು ಅವಧಿ ಮುಗಿದೊಡನೆ ದೇಶದ ಹೊರಗೆ ಹೋಗಿ, ಹೊಸ ವೀಸಾದ ಮೇಲೆ ಮತ್ತೆ ಒಳಗೆ ಬರಬೇಕು. ಊರಿಗೆ ಬಂದು ಹೋಗಲು ಟಿಕೆಟ್ಟಿನ ದುಡ್ಡೆಲ್ಲಿ? ಅದಕ್ಕೇ ಕಿಶ್. “ಒಂದು ರಾತ್ರಿ ಮಾರಾಯಾ, ನಾಳೆ ಬಂದ್ಬಿಡ್ತೆ” ಎಂದು ಕೈಚೀಲದಲ್ಲಿ ಒಂದು ಜೊತೆ ಬಟ್ಟೆ ಹಾಕಿಕೊಂಡು ಹೊರಡುವುದು.

ಇದೇನು ನಮ್ಮವರಿಗೆ ಮಾತ್ರ ಬಂದ ಪಾಡಲ್ಲ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಹೋದ ವಿದೇಶಿಯರು ವೀಸಾ ಸರಿಮಾಡಿಸಲು ಜಪಾನಿನ ಫುಕುವೊಕಕ್ಕೆ ಹಾರಿ, ಒಂದೆರಡು ರಾತ್ರಿ ತಂಗಿ, ಮರಳುತ್ತಿದ್ದರು. ಅವರಿಗೆ ಅದು ಪ್ರವಾಸವೂ ಹೌದು. ಕಿಶ್‌ನಲ್ಲಿ ಕಾಯುವವನಿಗೆ ಎಲ್ಲಿಯ ಪ್ರವಾಸ?

ಅವನ ಕಣ್ಣೆಲ್ಲ ಫ್ಯಾಕ್ಸ್ ಮೇಲೆ. ದುಬೈಯಲ್ಲಿರುವ ಕಫೀಲ, ಅಂದರೆ ಜಾಮೀನುದಾರ, ಹೊಸ ವೀಸಾದ ಪ್ರತಿ ಕಳಿಸಿದರೆ ಮಾತ್ರ ವಿಮಾನ. ಅವನು ಮರೆತರೆ, ಮನಸ್ಸು ಬದಲಿಸಿದರೆ, ಏಜೆಂಟ್ ದುಡ್ಡು ನುಂಗಿ ಸುಮ್ಮನಿದ್ದರೆ ಒಂದು ರಾತ್ರಿ ಹೋಗಿ ಹದಿನೈದು ದಿನ. ಒಂದೇ ಕೋಣೆಯಲ್ಲಿ ಹತ್ತಾರು ಮಂದಿ, ದಿನವೂ ಬಾಡಿಗೆ ಏರುತ್ತದೆ, ಕೈಯಲ್ಲಿನ ದಿರ್ಹಾಮ್ ಕರಗುತ್ತದೆ. ಮನೆಗೆ ಫೋನ್ ಮಾಡಿದರೆ “ಅರಾಮಿದ್ದೆ” ಎಂಬ ಒಂದೇ ಮಾತು.

2004ರ ಫೆಬ್ರವರಿ 10ರಂದು ಕಿಶ್‌ನಿಂದ ಶಾರ್ಜಾಕ್ಕೆ ಹೊರಟ ಕಿಶ್ ಏರ್ ವಿಮಾನದಲ್ಲಿ 46 ಜನ ಇದ್ದರು. ಫೋಕರ್ 50 ಎಂಬ ರೆಕ್ಕೆಪಂಖದ ಸಣ್ಣ ವಿಮಾನ. ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ, ಶಾರ್ಜಾ ನಿಲ್ದಾಣದ ಹತ್ತಿರವೇ ಬಿದ್ದು ಹೊತ್ತಿ ಉರಿಯಿತು. ಹಾರಾಟದಲ್ಲಿ ಮುಟ್ಟಬಾರದ ಹಂತಕ್ಕೆ ಪಂಖಗಳು ಹೋಗಿದ್ದವು. 43 ಮಂದಿ ಸತ್ತರು, ಉಳಿದವರು ಮೂವರು. ಸತ್ತವರಲ್ಲಿ ಭಾರತೀಯ ಕೆಲಸಗಾರರೂ ಇದ್ದರು. ಅಂಥವರಿಗೆ ಬೇಕಾಗಿದ್ದುದು ಪಾಸ್‌ಪೋರ್ಟಿನ ಮೇಲೊಂದು ಮುದ್ರೆ, ಅಷ್ಟೇ.

ಆ ಸಮುದ್ರದ ಕಡೆ ನಮ್ಮ ಜಿಲ್ಲೆಯ ಕಣ್ಣು ಮತ್ತೆ ಹರಿದದ್ದು 2018ರಲ್ಲಿ. ದುಬೈಯ ದೋಣಿಗಳಲ್ಲಿ ಮೀನು ಹಿಡಿಯುತ್ತಿದ್ದ ಉತ್ತರ ಕನ್ನಡದ 18 ಮಂದಿ, ಗಡಿ ದಾಟಿ ಬಂದರೆಂದು ಇರಾನಿನವರ ವಶಕ್ಕೆ ಸಿಕ್ಕರು. ನೀರಿನ ಮೇಲೆ ಗೆರೆ ಎಲ್ಲಿ ಕಾಣುತ್ತದೆ? ತಿಂಗಳುಗಟ್ಟಲೆ ಮನೆಯವರು ಅರ್ಜಿ ಹಿಡಿದು ಅಲೆಯಬೇಕಾಯಿತು.

ದುಬೈಯ ವೀಸಾ ನಿಯಮಗಳು ಆಮೇಲೆ ಎಷ್ಟೋ ಸಲ ಬದಲಾಗಿವೆ, ಫ್ಯಾಕ್ಸ್ ಹೋಗಿ ಮೊಬೈಲ್ ಬಂದಿದೆ. ಆದರೆ “ಮೊದಲು ವಿಸಿಟ್‌ನಲ್ಲಿ ಹೋಗು ತಮಾ, ಕೆಲಸ ಅಲ್ಲೇ ನೋಡುವಾ” ಎನ್ನುವ ಏಜೆಂಟ್ ಇನ್ನೂ ಇದ್ದಾನೆ. ಅವನು ಹೇಳದೆ ಬಿಡುವ ಸಂಗತಿ ಒಂದಿದೆ. ಹತ್ತನೇ ಇಯತ್ತೆ ಪಾಸಾಗದವನು ಕೊಲ್ಲಿಗೆ ಕೆಲಸಕ್ಕೆ ಹೋಗುವಾಗ 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಪಡೆಯಬೇಕು. ಆ ಅನುಮತಿಯ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ವಿಮೆ ಬರುತ್ತದೆ. ಕಂತು ಕೆಲವೇ ನೂರು ರೂಪಾಯಿ. ವಿಸಿಟ್ ವೀಸಾದಲ್ಲಿ ಹೊರಟವನು ಸರ್ಕಾರದ ಲೆಕ್ಕದಲ್ಲಿ ಊರು ನೋಡಲು ಹೋದವನು. ಅವನ ಹೆಸರಿನಲ್ಲಿ ಈ ವಿಮೆ ಇರುವುದಿಲ್ಲ.

ಏಜೆಂಟನಿಗೆ ಲೈಸೆನ್ಸ್ ಉಂಟೋ ಇಲ್ಲವೋ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಬಹುದು. ಕಾಗಾಲದ ಬಸ್ಸು ಬರುವುದರೊಳಗೆ ಮೊಬೈಲಿನಲ್ಲೇ ಆಗುವ ಕೆಲಸ.